ಇಲ್ಲದ್ದಕ್ಕೆ ತೆರುವ ಬೆಲೆ

ಅಡಿಕೆ ಕೊಯ್ಲಿನ ದಿನಗಳಲ್ಲಿ ತೀರ್ಥಹಳ್ಳಿ, ಹೊಸನಗರದ ಕಡೆಯ ಮನೆಗಳ ಅಂಗಳದಲ್ಲಿ ಹಂಡೆ ಕುದಿಯುತ್ತಿರುತ್ತದೆ. ಸುಲಿದ ಹಸಿ ಅಡಿಕೆ ಬೇಯುತ್ತ ಬೇಯುತ್ತ ನೀರು ಕೆಂಪಾಗಿ, ಕೊನೆಗೆ ಮಂದವಾದ ಕಡುಗಂದು ಚೊಗರಾಗುತ್ತದೆ. ಅದನ್ನು ಯಾರೂ ಚೆಲ್ಲುವುದಿಲ್ಲ. ಮುಂದಿನ ಒಬ್ಬೆಗೆ ಬಣ್ಣ ಕಟ್ಟಲು ಅದೇ ಬೇಕು. ಪ್ರಯೋಗಾಲಯದವರು ದ್ರಾವಕ ಹಾಕಿ ಸಾರ ತೆಗೆಯುವುದು ಎನ್ನುವ ಕೆಲಸ ಇದೇ. ನೀರು ದ್ರಾವಕ, ಚೊಗರು ಸಾರ, ಹಂಡೆ ಉಪಕರಣ.

ಹಂಡೆಗೆ ಹೊಯ್ದ ನೀರು ಬಾವಿಯದೋ, ಗುಡ್ಡದಿಂದ ಇಳಿದು ಬಂದ ಅಬ್ಬಿಯದೋ ಎಂದು ಯಾರೂ ವಿಚಾರಿಸುವುದಿಲ್ಲ. ಅಡಿಕೆಗೆ ಬಣ್ಣ ಬಂದರಾಯಿತು. ಆದರೆ ‘ಈ ಅಡಿಕೆಯಲ್ಲಿ ಅರೆಕೋಲಿನ್ ಎಂಬ ವಸ್ತು ಎಷ್ಟಿದೆ?’ ಎಂದು ಯಾರಾದರೂ ಕೇಳಿದರೆ ಲೆಕ್ಕಾಚಾರ ಬೇರೆಯಾಗುತ್ತದೆ. ಆಗ ನೀರಿನಲ್ಲಿ ಮೊದಲೇ ಇದ್ದ ಕಸವೂ ಉತ್ತರದೊಳಗೆ ಸೇರಿಕೊಳ್ಳುತ್ತದೆ. ಪ್ರಯೋಗಾಲಯದ ಕಂದು ಬಣ್ಣದ ಬಾಟಲಿಗೆ ಅಷ್ಟು ದುಡ್ಡು ಕೊಡುವುದು ಈ ಕಾರಣಕ್ಕೆ. ಅದರಲ್ಲಿರುವ ಮೆಥನಾಲ್ ಎಂಬ ದ್ರಾವಕ ಬಣ್ಣದಂಗಡಿಯ ಡ್ರಮ್ಮಿನಲ್ಲೂ ಸಿಗುತ್ತದೆ. ಬಾಟಲಿಯಲ್ಲಿ ಏನೇನು ಇಲ್ಲವೋ, ಬೆಲೆ ಅದಕ್ಕೆ.

ಯಾವ ವಸ್ತುವನ್ನು ಯಾವುದರಲ್ಲಿ ಕರಗಿಸಬೇಕು ಎಂಬುದು ಅಡುಗೆಮನೆಗೆ ಹೊಸದಲ್ಲ. ಕಾಳುಮೆಣಸಿನ ಖಾರಕ್ಕೆ ಕಾರಣವಾದ ಪಿಪೆರಿನ್ ನೀರಿನಲ್ಲಿ ಕರಗುವುದು ತೀರಾ ಕಡಿಮೆ, ಜಿಡ್ಡಿನಲ್ಲೂ ಮದ್ಯಸಾರದಲ್ಲೂ ಚೆನ್ನಾಗಿ ಕರಗುತ್ತದೆ. ಮೆಣಸನ್ನು ತುಪ್ಪದ ಒಗ್ಗರಣೆಗೆ ಹಾಕುವ ಅಜ್ಜಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕಾಡಿನ ಉಪ್ಪಾಗೆ ಹಣ್ಣೂ ಹಾಗೆಯೇ. ಸಿಪ್ಪೆಯ ಹುಳಿ ನೀರಿಗೆ ಬಿಡುತ್ತದೆ, ಬೀಜದ ತುಪ್ಪ ನೀರಿನ ಮೇಲೆ ತೇಲುತ್ತದೆ. ಘಟ್ಟದ ಕಾಡುಗಳಲ್ಲಿ ಬೆಳೆಯುವ ದುರ್ವಾಸನೆ ಮರದಲ್ಲಿರುವ ಕ್ಯಾಂಪ್ಟೊಥೆಸಿನ್ ನೀರಿಗೆ ಜಗ್ಗುವುದಿಲ್ಲ, ಮೆಥನಾಲ್ ಬೇಕು. ಕ್ಯಾನ್ಸರಿಗೆ ಕೊಡುವ ಟೊಪೊಟೆಕಾನ್, ಇರಿನೊಟೆಕಾನ್ ಎಂಬ ಔಷಧಿಗಳ ಮೂಲ ಈ ವಸ್ತುವೇ. ಪಶ್ಚಿಮಘಟ್ಟದ ಯಾವ ಭಾಗದ ಮರದಲ್ಲಿ ಅದು ಹೆಚ್ಚು ಎಂದು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಸಂಶೋಧಕರು ಮರಗಳನ್ನು ಹೋಲಿಸಿ ನೋಡಿದ್ದಾರೆ. ಅಂಥ ಹೋಲಿಕೆಗೆ ಸಾರ ತೆಗೆದರಷ್ಟೇ ಸಾಲದು. ಸಾರದೊಳಗಿನ ನೂರಾರು ವಸ್ತುಗಳಲ್ಲಿ ಬೇಕಾದ ಒಂದನ್ನು ಬೇರೆ ಮಾಡಿ ಅಳೆಯಬೇಕು.

ಬೇರೆ ಮಾಡುವ ಆ ವಿದ್ಯೆಯೇ ಕ್ರೊಮ್ಯಾಟೋಗ್ರಫಿ. ರಷ್ಯದ ಸಸ್ಯವಿಜ್ಞಾನಿ ಮಿಖಾಯಿಲ್ ಟ್ಸ್ವೆಟ್ ಎಲೆಯ ಸಾರವನ್ನು ಸೀಮೆಸುಣ್ಣದ ಪುಡಿ ತುಂಬಿದ ಗಾಜಿನ ಕೊಳವೆಯಲ್ಲಿ ಇಳಿಸಿದಾಗ ಹಸಿರು, ಹಳದಿ ಪಟ್ಟೆಗಳು ಬೇರೆಬೇರೆಯಾಗಿ ಕಂಡವು. 1906ರಲ್ಲಿ ಅದಕ್ಕೆ ಈ ಹೆಸರನ್ನೂ ಕೊಟ್ಟ. ಇವತ್ತಿನ ಎಚ್‌ಪಿಎಲ್‌ಸಿ ಯಂತ್ರದಲ್ಲಿ ಗಾಜಿನ ಕೊಳವೆಯ ಬದಲು ಉಕ್ಕಿನದು: ಉದ್ದ ಸಾಮಾನ್ಯವಾಗಿ 25 ಸೆಂ.ಮೀ., ಒಳವ್ಯಾಸ 4.6 ಮಿ.ಮೀ., ಒಳಗೆ 5 ಮೈಕ್ರಾನಿನ ಸಿಲಿಕಾ ಮಣಿಗಳು. ಮಣಿಗಳ ಮೈಮೇಲೆ 18 ಕಾರ್ಬನ್ ಉದ್ದದ ಎಣ್ಣೆಯಂಥ ಸರಪಳಿಗಳನ್ನು ನೆಟ್ಟಿರುತ್ತಾರೆ. ಅದಕ್ಕೇ ಸಿ-18 ಕಾಲಂ ಎಂಬ ಹೆಸರು.

ಆಗುಂಬೆಯ ಕಾಡುಹಾದಿಯಲ್ಲಿ ಆರಿದ್ರಾ ಮಳೆಯಲ್ಲಿ ನಡೆದವರಿಗೆ ಈ ಕಾಲಂ ಅರ್ಥ ಮಾಡಿಸುವುದು ಬಹಳ ಸುಲಭ. ಹತ್ತು ಜನ ಒಟ್ಟಿಗೆ ಹೊರಟರೂ ಒಟ್ಟಿಗೆ ತಲುಪುವುದಿಲ್ಲ. ಕೆಲವರ ಕಾಲೆಂದರೆ ಉಂಬಳಗಳಿಗೆ ಪ್ರೀತಿ. ಅವರು ಹತ್ತು ಹೆಜ್ಜೆಗೊಮ್ಮೆ ನಿಂತು ಕಿತ್ತು ಬಿಸಾಡಬೇಕು. ಉಂಬಳ ಮೂಸಿಯೂ ನೋಡದ ಪುಣ್ಯವಂತರು ಸರಸರನೆ ಮುಂದೆ ಹೋಗುತ್ತಾರೆ. ಸಿ-18 ಸರಪಳಿಗಳು ಆ ಉಂಬಳಗಳು. ಜಿಡ್ಡಿನ ಸ್ವಭಾವದ ಅಣು ಕಂಡರೆ ಹಿಡಿದುಕೊಳ್ಳುತ್ತವೆ, ನೀರಿನ ಸ್ವಭಾವದ್ದನ್ನು ಬಿಟ್ಟುಬಿಡುತ್ತವೆ. ಹಿಂದೆ ಉಳಿದವರು ಕಾಲಿಗೆ ಸುಣ್ಣ, ಹೊಗೆಸೊಪ್ಪು ಹಚ್ಚಿಕೊಂಡರೆ ಹಿಡಿತ ಸಡಿಲಾಗಿ ಅವರೂ ಬೇಗ ಬರುತ್ತಾರೆ. ಕಾಲಂನಲ್ಲಿ ಈ ಸುಣ್ಣದ ಕೆಲಸವನ್ನು ಮಾಡುವುದು ಅಸಿಟೊನೈಟ್ರೈಲ್ ಅಥವಾ ಮೆಥನಾಲ್. ನೀರಿಗೆ ಅದನ್ನು ಹೆಚ್ಚು ಬೆರೆಸಿದಷ್ಟೂ ಅಂಟಿಕೊಂಡವರು ಬೇಗ ಬಿಡಿಸಿಕೊಳ್ಳುತ್ತಾರೆ. ಹಾದಿಯ ಕೊನೆಯಲ್ಲಿ ಒಬ್ಬ ಕಾವಲುಗಾರ ನಿಂತು ಬಂದವರನ್ನು ಎಣಿಸುತ್ತಾನೆ. ಅವನೇ ಡಿಟೆಕ್ಟರ್. ಬಂದದ್ದು ಪರದೆಯ ಮೇಲೆ ಒಂದು ಗುಡ್ಡದಂತೆ ಏಳುತ್ತದೆ. ಪ್ರಯೋಗಾಲಯದಲ್ಲಿ ಎಲ್ಲರೂ ಅದನ್ನು ‘ಪೀಕ್’ ಎನ್ನುತ್ತಾರೆ.

ಕಾವಲುಗಾರನಿಗೆ ಮುಖದ ಗುರುತಿಲ್ಲ. ಬೆಳಕನ್ನು ಹೀರುವ ಯಾವುದೇ ವಸ್ತು ಬಂದರೂ ‘ಬಂತು’ ಎನ್ನುತ್ತಾನೆ. ಅಲ್ಲಿಗೆ ನಿಮಿಷಕ್ಕೆ 1 ಮಿ.ಲೀ.ನಂತೆ ದ್ರಾವಕ ಹರಿಯುತ್ತಲೇ ಇರುತ್ತದೆ. ನಾವು ಒಳಬಿಡುವ ಮಾದರಿಯಾದರೋ ಬರೀ 10–20 ಮೈಕ್ರೋಲೀಟರ್. ಅರ್ಧ ಗಂಟೆಯ ಒಂದು ಓಟದಲ್ಲಿ ಮಾದರಿಯ ಸಾವಿರಾರು ಪಟ್ಟು ದ್ರಾವಕ ಅದೇ ಹಾದಿಯಲ್ಲಿ ಹೋಗಿರುತ್ತದೆ. ಅದರಲ್ಲಿ ಸೂಜಿಮೊನೆಯಷ್ಟು ಕೊಳೆಯಿದ್ದರೂ ಎಣಿಕೆ ತಪ್ಪುತ್ತದೆ.

ಕೆಲವು ದ್ರಾವಕಗಳು ಶುದ್ಧವಾಗಿದ್ದರೂ ಬೆಳಕಿಗೆ ಅಡ್ಡ ನಿಲ್ಲುತ್ತವೆ. ಪ್ರತಿಯೊಂದಕ್ಕೂ ಒಂದು ಗಡಿಯಿದೆ. ಅದರ ಕೆಳಗಿನ ತರಂಗಾಂತರದ ನೇರಳಾತೀತ ಬೆಳಕನ್ನು ದ್ರಾವಕವೇ ನುಂಗಿಬಿಡುತ್ತದೆ. ಅಸಿಟೊನೈಟ್ರೈಲಿಗೆ ಆ ಗಡಿ ಸುಮಾರು 190 ನ್ಯಾನೋಮೀಟರ್, ಮೆಥನಾಲಿಗೆ 205, ಕ್ಲೋರೊಫಾರ್ಮಿಗೆ 245, ಈಥೈಲ್ ಅಸಿಟೇಟಿಗೆ 256, ಅಸಿಟೋನಿಗೆ 330. ಸಾರ ತೆಗೆಯುವುದರಲ್ಲಿ ಅಸಿಟೋನ್ ಗಟ್ಟಿಗ. ಆದರೆ ಡಿಟೆಕ್ಟರಿನ ಮುಂದೆ ಅದು ಕಪ್ಪು ಕಂಬಳಿ ಹಿಡಿದಂತೆ. ಕ್ಯಾಂಪ್ಟೊಥೆಸಿನ್ ಅಳೆಯುವವರಿಗೆ ಮೆಥನಾಲ್, ಅಸಿಟೊನೈಟ್ರೈಲುಗಳ ಗಡಿಯಿಂದ ಅಂಥ ಕಷ್ಟವಿಲ್ಲ, ಅದು 254ರಲ್ಲೇ ಚೆನ್ನಾಗಿ ಕಾಣುತ್ತದೆ. ಕಷ್ಟವೆಲ್ಲ ಅರೆಕೋಲಿನ್ನಿನದು, ಉಪ್ಪಾಗೆಯ ಹುಳಿಯದು. ಇವನ್ನು 210–215ರ ಆಸುಪಾಸಿನಲ್ಲಿ ನೋಡಬೇಕು. ಆ ಎಲ್ಲೆಯಲ್ಲಿ ಕಸವೂ ಕಾಣುತ್ತದೆ, ಮೆಥನಾಲೂ ಮಬ್ಬು ಹಿಡಿಸುತ್ತದೆ.

ಉಪ್ಪಾಗೆಯ ಮಾತು ಬಂದದ್ದರಿಂದ ಒಂದು ನಿಮಿಷ ಅಲ್ಲೇ ನಿಲ್ಲುತ್ತೇನೆ. ಅದರ ಹುಳಿಯನ್ನು ಬಹುಕಾಲ ಸಿಟ್ರಿಕ್, ಟಾರ್ಟಾರಿಕ್ ಆಮ್ಲವೆಂದೇ ತಿಳಿದಿದ್ದರು. ಮುಖ್ಯ ಆಮ್ಲ ಹೈಡ್ರಾಕ್ಸಿಸಿಟ್ರಿಕ್ ಎಂದು 1965ರಲ್ಲಿ ತೋರಿಸಿಕೊಟ್ಟವರು ಮೈಸೂರಿನ ಸಿಎಫ್‌ಟಿಆರ್‌ಐನ ಲೂಯಿಸ್ ಮತ್ತು ನೀಲಕಂಠನ್. ಬರೀ ಕ್ಷಾರ ಹಾಕಿ ಹುಳಿ ಅಳೆದರೆ ಯಾವ ಆಮ್ಲವಾದರೂ ಲೆಕ್ಕಕ್ಕೆ ಒಂದೇ. ಬೇರ್ಪಡಿಸಿ ನೋಡಿದಾಗಲೇ ಯಾರು ಯಾರೆಂದು ತಿಳಿಯುವುದು. ತೊಂಬತ್ತರ ದಶಕದಲ್ಲಿ ಬೊಜ್ಜು ಕರಗಿಸುವ ಗುಳಿಗೆಯ ಹೆಸರಿನಲ್ಲಿ ಉಪ್ಪಾಗೆಗೆ ಎಲ್ಲಿಲ್ಲದ ಬೇಡಿಕೆ ಬಂದು ಮಲೆನಾಡಿನ ಕಾಡುಗಳಲ್ಲಿ ಮರ ಬೋಳಾಗುವಂತೆ ಕೊಯ್ದರು. ಆ ಗುಳಿಗೆ ಖಾಲಿ ಗುಳಿಗೆಗಿಂತ ಹೆಚ್ಚೇನೂ ತೂಕ ಇಳಿಸಲಿಲ್ಲ ಎಂದು 1998ರಲ್ಲಿ ಅಮೆರಿಕದ ವೈದ್ಯ ಸಂಘದ ಪತ್ರಿಕೆಯಲ್ಲಿ ಪ್ರಯೋಗದ ವರದಿ ಬಂತು. ವ್ಯಾಪಾರ ಅದಕ್ಕೆಲ್ಲ ಹೆದರುವ ಜಾತಿಯದಲ್ಲ. ಸಾರದ ಡಬ್ಬಿಯ ಮೇಲೆ ಇಂತಿಷ್ಟು ಶೇಕಡಾ ಎಂದು ಅಚ್ಚು ಹಾಕಲು ಇಂದಿಗೂ ಯಾವುದೋ ಪ್ರಯೋಗಾಲಯದಲ್ಲಿ ಈ ಆಮ್ಲದ ಪೀಕ್ ಏಳುತ್ತಲೇ ಇರುತ್ತದೆ. ಅದು ನೀರಿಗೆ ಸಲುವ ಆಮ್ಲವಾದ್ದರಿಂದ ಅಲ್ಲಿ ಹರಿಯುವುದು ಬಹುಮಟ್ಟಿಗೆ ಆಮ್ಲ ಬೆರೆಸಿದ ನೀರೇ. ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದ ದ್ರಾವಕವೂ ನೀರೇ. ಆ ಮಾತಿಗೆ ಆಮೇಲೆ ಬರುತ್ತೇನೆ.

ಅಶುದ್ಧಿ ನಿಜವಾಗಿ ಕುತ್ತಿಗೆಗೆ ಬರುವುದು ಸಾರವನ್ನು ಬತ್ತಿಸುವಾಗ. ಕಾಳುಮೆಣಸಿನಲ್ಲಿ ಕೀಟನಾಶಕದ ಶೇಷ ಹುಡುಕುತ್ತಿದ್ದೇವೆ ಎನ್ನಿ. ಬೇರೆ ಮಿತಿ ಗೊತ್ತುಮಾಡದ ಕೀಟನಾಶಕಗಳಿಗೆ ಯುರೋಪ್ ಒಕ್ಕೂಟ ಹಾಕಿಕೊಂಡಿರುವ ಸಾಮಾನ್ಯ ಮಿತಿ ಕಿಲೋಗೆ 0.01 ಮಿಲಿಗ್ರಾಂ. 10 ಗ್ರಾಂ ಮೆಣಸಿನಲ್ಲಿ ಅದು 0.1 ಮೈಕ್ರೋಗ್ರಾಂ. ಹಳೆಯ ಪದ್ಧತಿಯಂತೆ 200 ಮಿ.ಲೀ. ದ್ರಾವಕದಲ್ಲಿ ಸಾರ ತೆಗೆದು ಅದನ್ನು 1 ಮಿ.ಲೀ.ಗೆ ಬತ್ತಿಸಿದರೆ ಕೀಟನಾಶಕದ ಜೊತೆಗೆ ದ್ರಾವಕದ ಕೊಳೆಯೂ 200 ಪಟ್ಟು ಮಂದವಾಗುತ್ತದೆ. ಆವಿಯಾಗದೆ ಉಳಿಯುವ ಕೊಳೆ ಲೀಟರಿಗೆ ಬರೀ 1 ಮಿಲಿಗ್ರಾಂ ಇದ್ದರೂ ಕೊನೆಯ ಹನಿಯಲ್ಲಿ 200 ಮೈಕ್ರೋಗ್ರಾಂ ಕೂತಿರುತ್ತದೆ. ಹುಡುಕುತ್ತಿರುವುದರ ಎರಡು ಸಾವಿರ ಪಟ್ಟು! ಬೆಲ್ಲದ ಕೊಪ್ಪರಿಗೆ ನೋಡಿದವರಿಗೆ ಇದು ಗೊತ್ತು. ಕಬ್ಬಿನ ಹಾಲಿನಲ್ಲಿ ಕಾಣದ ಮಣ್ಣು ಪಾಕದಲ್ಲಿ ಕಾಣುತ್ತದೆ. 2003ರಲ್ಲಿ ಬಂದ ‘ಕ್ವೆಚರ್ಸ್’ ಎಂಬ ವಿಧಾನ ಈ ಬತ್ತಿಸುವ ಗೋಜನ್ನೇ ಬಹಳ ಕಡಿಮೆ ಮಾಡಿತು: 10 ಗ್ರಾಂ ಹಣ್ಣು-ತರಕಾರಿಗೆ 10 ಮಿ.ಲೀ. ಅಸಿಟೊನೈಟ್ರೈಲ್, 4 ಗ್ರಾಂ ಮೆಗ್ನೀಸಿಯಂ ಸಲ್ಫೇಟ್, 1 ಗ್ರಾಂ ಉಪ್ಪು ಹಾಕಿ ಕುಲುಕುವುದು. ಮೆಣಸಿನಂಥ ಒಣ ಪದಾರ್ಥಕ್ಕೆ ಮೊದಲು ನೀರು ಕುಡಿಸಬೇಕು. ಮಳೆಗಾಲದಲ್ಲಿ ಒಲೆಯ ಹೊಗೆಯಲ್ಲಿ ಒಣಗಿಸಿದ ಉಪ್ಪಾಗೆಗೆ ಮೆತ್ತಿಕೊಳ್ಳುವ ಬೆಂಜೊಪೈರೀನ್‌ನಂಥ ಹೊಗೆಯ ವಿಷಗಳನ್ನು ಹುಡುಕುವಾಗಲೂ ಇದೇ ಸೂಕ್ಷ್ಮ ಬೇಕು.

ಇನ್ನು ಯಾವ ಬಾಟಲಿ ಕೊಳ್ಳುವುದು? ಶಿವಮೊಗ್ಗದ ಮಂಡಿಯಲ್ಲಿ ಅಡಿಕೆಗೆ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ದರ್ಜೆಗಳಿರುವಂತೆ ದ್ರಾವಕಕ್ಕೂ ಇವೆ. ಕಾರ್ಖಾನೆಗೆ ಹೋಗುವ ಕಮರ್ಷಿಯಲ್, ಕಾಲೇಜಿನ ಪ್ರಯೋಗಕ್ಕೆ ಎಲ್‌ಆರ್, ವಿಶ್ಲೇಷಣೆಗೆ ಎಆರ್, ಅದರ ಮೇಲೆ ಎಚ್‌ಪಿಎಲ್‌ಸಿ, ಗ್ರೇಡಿಯೆಂಟ್, ಎಲ್‌ಸಿಎಂಎಸ್. ಕೀಟನಾಶಕ ಶೇಷಕ್ಕೆಂದೇ ಬತ್ತಿಸಿ ಪರೀಕ್ಷಿಸಿದ ಇನ್ನೊಂದು ದರ್ಜೆ. ಲೇಬಲ್ ಮೇಲೆ ದಪ್ಪಕ್ಷರದಲ್ಲಿರುವ ‘99.9%’ ನೋಡಿ ಮರುಳಾಗಬೇಡಿ. ಎಆರ್ ಬಾಟಲಿಯ ಮೇಲೂ ಹೆಚ್ಚುಕಡಿಮೆ ಅಂಥದೇ ಅಂಕಿ ಇರಬಹುದು. ಉಳಿದ 0.1 ನೀರೇ ಆಗಿದ್ದರೆ ನಿಮಗೆ ಬಾಧಕವಿಲ್ಲ. ಬೆಳಕು ಹೀರುವ ವಸ್ತುವಾಗಿದ್ದರೆ ಕೆಲಸ ಕೆಟ್ಟಿತು. ಓದಬೇಕಾದದ್ದು ಕೆಳಗಿನ ಸಣ್ಣಕ್ಷರವನ್ನು: ಯಾವ ತರಂಗಾಂತರದಲ್ಲಿ ಎಷ್ಟು ಬೆಳಕು ಹೀರುತ್ತದೆ, ಬತ್ತಿಸಿದರೆ ಎಷ್ಟು ಉಳಿಯುತ್ತದೆ, ನೀರೆಷ್ಟು.

ಎಲ್ಲಕ್ಕೂ ದುಬಾರಿಯದೇ ಬೇಕೆಂಬುದು ನನ್ನ ಮಟ್ಟಿಗೆ ಸೋಮಾರಿತನ. ಗಾಜಿನ ಸಾಮಾನು ತೊಳೆಯಲು, ಬೀಜದ ಜಿಡ್ಡನ್ನು ಹೆಕ್ಸೇನ್‌ನಲ್ಲಿ ತೆಗೆದು ತೂಕ ನೋಡಲು ಎಆರ್ ಸಾಕು, ಖಾಲಿ ಫ್ಲಾಸ್ಕನ್ನೂ ಅದರಲ್ಲಿ ಬತ್ತಿಸಿ ತೂಗಿ ಕಳೆದರಾಯಿತು. ಇರುವಕ್ಕಿಯ ಅಥವಾ ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ಎಂಎಸ್ಸಿ ಮಾಡುವ ವಿದ್ಯಾರ್ಥಿ ತನ್ನ ಸಣ್ಣ ಅನುದಾನವನ್ನು ಕಾಲಂನೊಳಗೆ ಹರಿಯುವ ದ್ರಾವಕಕ್ಕೆ, ಬತ್ತಿಸುವ ದ್ರಾವಕಕ್ಕೆ ಸುರಿಯಲಿ. ಗ್ರೇಡಿಯೆಂಟ್ ದರ್ಜೆಯ ಅಗತ್ಯ ಬರುವುದು ಓಟದ ನಡುವೆ ಅಸಿಟೊನೈಟ್ರೈಲಿನ ಪಾಲನ್ನು ಏರಿಸುತ್ತ ಹೋಗುವಾಗ. ಆರಂಭದಲ್ಲಿ ನೀರು ಹೆಚ್ಚಿರುತ್ತದೆ, ದ್ರಾವಕದ ಕೊಳೆಯೆಲ್ಲ ಕಾಲಂನ ತಲೆಯಲ್ಲಿ ಕೂರುತ್ತದೆ. ಪಾಲು ಏರಿದೊಡನೆ, ಮುಂಗಾರಿನ ಮೊದಲ ಮಳೆಗೆ ಹಳ್ಳ ಇಡೀ ಬೇಸಗೆಯ ದರಗನ್ನು ಒಮ್ಮೆಲೇ ಹೊತ್ತು ತರುವಂತೆ, ಎಲ್ಲವೂ ಒಟ್ಟಾಗಿ ಇಳಿದು ಬರುತ್ತದೆ. ಮಾದರಿಯಲ್ಲಿ ಇಲ್ಲದ ಪೀಕ್ ಪರದೆಯ ಮೇಲೆ ಏಳುತ್ತದೆ. ಇದಕ್ಕೆ ಭೂತದ ಪೀಕ್ ಎಂಬ ಹೆಸರೇ ಇದೆ.

ಅಸಿಟೊನೈಟ್ರೈಲ್ ಏಕೆ ಇಷ್ಟು ದುಬಾರಿ ಎಂದು ಗೊಣಗುವವರು ಒಂದು ಸಂಗತಿ ತಿಳಿದಿರಬೇಕು. ಅದನ್ನೇ ಬೇಕೆಂದು ತಯಾರಿಸುವುದು ಕಡಿಮೆ. ಕಾರಿನ ಭಾಗಗಳ ಪ್ಲಾಸ್ಟಿಕ್ಕಿಗೆ, ಅಕ್ರಿಲಿಕ್ ನೂಲಿಗೆ ಬೇಕಾದ ಅಕ್ರಿಲೊನೈಟ್ರೈಲ್ ಮಾಡುವಾಗ ಪಕ್ಕದಲ್ಲಿ ಒಸರುವ ಉಪಉತ್ಪನ್ನ ಅದು. 2008ರ ಕೊನೆಯಲ್ಲಿ ಜಗತ್ತಿನ ಆರ್ಥಿಕತೆ ಕುಸಿದು ಕಾರು ಮಾರಾಟ ಬಿದ್ದಾಗ ಅಕ್ರಿಲೊನೈಟ್ರೈಲ್ ಕೇಳುವವರಿಲ್ಲವಾಯಿತು. ಬೆನ್ನಲ್ಲೇ ಲೋಕದ ಪ್ರಯೋಗಾಲಯಗಳೆಲ್ಲ ಅಸಿಟೊನೈಟ್ರೈಲಿಗೆ ಪರದಾಡಿದವು. ಮೆಥನಾಲಿನಲ್ಲೇ ಕೆಲಸ ಸಾಗಿಸಬಹುದು ಎಂದು ಎಷ್ಟೋ ಮಂದಿಗೆ ಹೊಳೆದದ್ದು ಆಗ.

ಕೊಂಡದ್ದಾಯಿತು. ಅದನ್ನು ಶುದ್ಧವಾಗಿಯೇ ಉಳಿಸಿಕೊಳ್ಳುವುದು ಬೇರೆಯೇ ಕೆಲಸ, ಆಗುಂಬೆಯಂಥ ಊರಿನಲ್ಲಂತೂ ಹಗಲಿರುಳಿನ ಕೆಲಸ. 1946ರ ಆಗಸ್ಟ್ ಒಂದೇ ತಿಂಗಳಲ್ಲಿ 4508 ಮಿ.ಮೀ. ಮಳೆ ಸುರಿದ ಊರು ಅದು. ಉಪ್ಪಿನ ಭರಣಿಯಲ್ಲಿ ನೀರಾಡುವ, ಬಟ್ಟೆಗೆ ಬೂಸಲು ಹಿಡಿಯುವ ಆಷಾಢದಲ್ಲಿ ಮೆಥನಾಲ್, ಅಸಿಟೋನ್, ಅಸಿಟೊನೈಟ್ರೈಲ್ ಮುಚ್ಚಳ ತೆಗೆದಿಟ್ಟರೆ ಗಾಳಿಯ ತೇವವನ್ನು ಹೀರಿಕೊಳ್ಳುತ್ತವೆ. ಫ್ರಿಜ್ಜಿನಿಂದ ತೆಗೆದ ಬಾಟಲಿಯನ್ನು ಕೋಣೆಯ ಬಿಸಿಗೆ ಬರುವ ಮೊದಲೇ ತೆರೆದರೆ ಒಳಗೇ ಇಬ್ಬನಿ ಕಟ್ಟುತ್ತದೆ. ನೀರು ಬೆರೆಸಿಯೇ ಓಡಿಸುವ ಸಿ-18 ಕೆಲಸಕ್ಕೆ ಇದರಿಂದ ಅಷ್ಟೇನೂ ನಷ್ಟವಿಲ್ಲ. ಬರಿಯ ಸಿಲಿಕಾ ಕಾಲಂನಲ್ಲಿ ಹೆಕ್ಸೇನ್ ಹರಿಸುವವರು ಮಾತ್ರ ಜಾಗ್ರತೆಯಾಗಿರಬೇಕು. ತೇವದ ಪಸೆ ಸಿಲಿಕಾದ ಮೈಗೆ ಅಂಟಿ, ನಿನ್ನೆ ಎಂಟನೇ ನಿಮಿಷಕ್ಕೆ ಬಂದ ಪೀಕ್ ಇಂದು ಆರಕ್ಕೆ ಬಂದುಬಿಡುತ್ತದೆ. ಗ್ಯಾಸ್ ಕ್ರೊಮ್ಯಾಟೋಗ್ರಫಿಗೆ ಸಾರ ತಯಾರಿಸುವವರು ನೀರು ತೆಗೆಯಲು ಕಾಯಿಸಿ ಒಣಗಿಸಿದ ಸೋಡಿಯಂ ಸಲ್ಫೇಟ್ ಇಟ್ಟುಕೊಳ್ಳುವುದು ರೂಢಿ.

ತೇವಕ್ಕಿಂತ ಕಳ್ಳತನದ ಕೊಳೆ ಪ್ಲಾಸ್ಟಿಕ್ಕಿನದು. ನಾನೊಮ್ಮೆ ಕೂತಿದ್ದ ಪ್ರಯೋಗಾಲಯದಲ್ಲಿ ಎರಡು ವಾರ ಎಲ್ಲ ಮಾದರಿಗಳಲ್ಲೂ ಒಂದೇ ಜಾಗದಲ್ಲಿ ಒಂದು ಚಂದದ ಪೀಕ್ ಬರುತ್ತಿತ್ತು. ಹೊಸ ವಸ್ತುವೇ ಸಿಕ್ಕಿತೆಂದು ನಾವು ಒಳಗೊಳಗೇ ಹಿಗ್ಗಿದ್ದೆವು. ಕೊನೆಗೆ ನೋಡಿದರೆ ಅದು ಮೆಥನಾಲ್ ತುಂಬಿಟ್ಟ ಪ್ಲಾಸ್ಟಿಕ್ ಪಿಚಕಾರಿ ಬಾಟಲಿಯ ಕೊಡುಗೆ. ಪ್ಲಾಸ್ಟಿಕ್ಕನ್ನು ಮೆದುವಾಗಿಸಲು ಬೆರೆಸುವ ಥ್ಯಾಲೇಟುಗಳು ದ್ರಾವಕಕ್ಕೆ ಸಲೀಸಾಗಿ ಇಳಿಯುತ್ತವೆ. ರಬ್ಬರ್ ಬಿರಡೆ, ಗಾಜಿನ ಮೇಲೆ ಬರೆದ ಮಾರ್ಕರ್ ಶಾಯಿ, ಕೈಗೆ ಹಚ್ಚಿಕೊಂಡ ಎಣ್ಣೆ, ಯಾವುದನ್ನೂ ನಂಬುವಂತಿಲ್ಲ. ದ್ರಾವಕ ಗಾಜಿನಲ್ಲೇ ಇರಲಿ, ಮುಚ್ಚಳದ ಒಳಪದರ ಟೆಫ್ಲಾನ್ ಆಗಿರಲಿ. ಬಾಟಲಿಯೊಳಗೆ ಪಿಪೆಟ್ ಅದ್ದಬಾರದು. ಬೇಕಾದಷ್ಟನ್ನು ಬೀಕರಿಗೆ ಬಗ್ಗಿಸಿಕೊಳ್ಳಬೇಕು. ಮಿಕ್ಕದ್ದನ್ನು ಮರಳಿ ಬಾಟಲಿಗೆ ಸುರಿಯುವುದು ಎಂಜಲು ಕೈಯನ್ನು ಉಪ್ಪಿನಕಾಯಿ ಭರಣಿಗೆ ಹಾಕಿದಂತೆ.

ಇನ್ನು ನೀರು. ಘಟ್ಟದ ಮಳೆನೀರಿನಷ್ಟು ಶುದ್ಧ ಇನ್ಯಾವುದು ಎಂದು ಊರಿನವರು ಕೇಳುತ್ತಾರೆ, ಕುಡಿಯುವವರ ಮಟ್ಟಿಗೆ ಸರಿಯಾದ ಮಾತು. ಆದರೆ ಆಗುಂಬೆಯಲ್ಲಿ ಸೂರ್ಯಾಸ್ತ ನೋಡುವ ಕಟ್ಟೆಯಿಂದ ದಿಟ್ಟಿಸಿದರೆ ಕಾಣುವ ಅರಬ್ಬಿ ಸಮುದ್ರದಿಂದಲೇ ಆ ಮೋಡ ಬರುವುದು. ಕಡಲ ಉಪ್ಪಿನ ಕಣ ಅದರಲ್ಲಿರುತ್ತದೆ, ಗಾಳಿಯ ಇಂಗಾಲದ ಡೈಆಕ್ಸೈಡ್ ಕರಗಿ ತುಸು ಹುಳಿಯೂ ಆಗಿರುತ್ತದೆ. ಎಚ್‌ಪಿಎಲ್‌ಸಿಗೆ ಬೇಕಾದ ನೀರಿನ ವಿದ್ಯುತ್ ತಡೆ 18.2 ಮೆಗಾಓಮ್-ಸೆಂ.ಮೀ. ಅಷ್ಟು ಬರಿದಾದ ನೀರು ಸಿಕ್ಕಿದ್ದನ್ನೆಲ್ಲ ಎಳೆದುಕೊಳ್ಳುತ್ತದೆ. ಎರಡು ದಿನ ಬೆಳಕಿನಲ್ಲಿಟ್ಟರೆ ಪಾಚಿ, ಬ್ಯಾಕ್ಟೀರಿಯಾ ಬೆಳೆದು ಕಾಲಂ ಕಟ್ಟಿಕೊಳ್ಳುತ್ತದೆ. ಆದ್ದರಿಂದ ಅಂದಿನ ನೀರು ಅಂದಿಗೆ. ನೀರಿಗೆ ಉಪ್ಪು ಬೆರೆಸಿ ತಯಾರಿಸಿದ ಬಫರನ್ನು 0.2 ಅಥವಾ 0.45 ಮೈಕ್ರಾನ್ ಸೋಸುಪೊರೆಯಲ್ಲಿ ಸೋಸಬೇಕು. ಬೆರೆಸಿದ ದ್ರಾವಕದಿಂದ ಗಾಳಿಯನ್ನೂ ತೆಗೆಯಬೇಕು, ಇಲ್ಲವಾದರೆ ಪಂಪಿನಲ್ಲಿ ಗುಳ್ಳೆ ಎದ್ದು ಗೆರೆ ನಡುಗುತ್ತದೆ. ಅಳತೆಯನ್ನು ಬೇರೆಬೇರೆಯಾಗಿಯೇ ಮಾಡಿಕೊಂಡು ಆಮೇಲೆ ಕೂಡಿಸಿ. 500 ಮಿ.ಲೀ. ನೀರಿಗೆ 500 ಮಿ.ಲೀ. ಮೆಥನಾಲ್ ಹಾಕಿದರೆ 1000 ಆಗುವುದಿಲ್ಲ, ಒಂದರೊಳಗೊಂದು ಸೇರಿ ಮೂವತ್ತಕ್ಕೂ ಹೆಚ್ಚು ಮಿ.ಲೀ. ಕುಗ್ಗುತ್ತದೆ. ಫಾಸ್ಫೇಟ್ ಬಫರ್ ಹರಿಸಿದ ಕಾಲಂಗೆ ನೇರವಾಗಿ ಅಸಿಟೊನೈಟ್ರೈಲ್ ಬಿಟ್ಟರೆ ಉಪ್ಪು ಒಳಗೇ ಹರಳುಗಟ್ಟುತ್ತದೆ. ನಡುವೆ ಬರೀ ನೀರನ್ನು, ಆಮೇಲೆ ಶೇ. 10ರಷ್ಟು ಮೆಥನಾಲ್ ಬೆರೆತ ನೀರನ್ನು ಹರಿಸಿ ತೊಳೆಯಬೇಕು.

ಕೆಲವು ದ್ರಾವಕಗಳಿಗೆ ತಯಾರಕರೇ ಬೇಕೆಂದು ಬೆರಕೆ ಮಾಡಿರುತ್ತಾರೆ. ಕ್ಲೋರೊಫಾರ್ಮಿನಲ್ಲಿ ಶೇ. 0.5ರಿಂದ 1ರಷ್ಟು ಎಥನಾಲ್, ಇಲ್ಲವೇ ಅಮೈಲೀನ್. ಟೆಟ್ರಾಹೈಡ್ರೊಫ್ಯೂರಾನ್, ಈಥರುಗಳಲ್ಲಿ ಬಿಎಚ್‌ಟಿ. ಕೆಡದಂತೆ ಕಾಯುವ ಈ ಕಾವಲುಗಾರರೂ ಪೀಕ್ ಆಗಿ ಬರುತ್ತಾರೆ. ಹಾಗೆಂದು ಕಾವಲಿಲ್ಲದ ಬಾಟಲಿ ತಂದು ಹಳೆಯದಾಗಲು ಬಿಟ್ಟರೆ ಈಥರಿನಲ್ಲಿ ಪೆರಾಕ್ಸೈಡ್ ಹುಟ್ಟುತ್ತದೆ, ಪೂರ್ತಿ ಬತ್ತಿಸುವಾಗ ಸಿಡಿಯಬಹುದು. ತೆರೆದ ದಿನಾಂಕವನ್ನು ಬಾಟಲಿಯ ಮೇಲೆ ಬರೆಯುವುದು ಇದಕ್ಕೇ.

ಇಷ್ಟೆಲ್ಲ ಮಾಡಿದ ಮೇಲೂ ನಂಬಿಕೆ ಇಡಬೇಕಾದದ್ದು ‘ಬ್ಲ್ಯಾಂಕ್’ ಒಂದರ ಮೇಲೆ. ಮೆಣಸನ್ನೋ ಅಡಿಕೆಯನ್ನೋ ಹಾಕದೆ, ಉಳಿದದ್ದನ್ನೆಲ್ಲ ಹಾಕಿ, ಅದೇ ಫ್ಲಾಸ್ಕು, ಅದೇ ಸೋಸುಕಾಗದ, ಅದೇ ಬತ್ತಿಸುವಿಕೆ, ಪೂರ್ತಿ ಶಾಸ್ತ್ರ ಮಾಡಿ ಯಂತ್ರಕ್ಕೆ ಕೊಡುವುದು. ಪರದೆಯ ಮೇಲೆ ಗದ್ದೆಯ ಬದುವಿನಂತೆ ಸಮತಟ್ಟಾದ ಗೆರೆ ಬಂದರೆ ಮುಂದೆ ಹೋಗಿ. ನಮ್ಮ ಎರಡು ವಾರದ ಹಿಗ್ಗನ್ನು ಅರ್ಧ ಗಂಟೆಯ ಬ್ಲ್ಯಾಂಕ್ ಮೊದಲ ದಿನವೇ ಇಳಿಸಬಹುದಿತ್ತು.

ಶುದ್ಧವೆಂದ ಮಾತ್ರಕ್ಕೆ ಸಾಧುವಲ್ಲ. ಮೆಥನಾಲ್ ಕಣ್ಣು ತೆಗೆಯುತ್ತದೆ, ಜೀವವನ್ನೂ. ಅಸಿಟೊನೈಟ್ರೈಲ್ ಮೈಯೊಳಗೆ ಹೋಗಿ ಸಯನೈಡ್ ಬಿಡುತ್ತದೆ. ಹೆಕ್ಸೇನ್ ಆವಿಯನ್ನು ದಿನವೂ ಕುಡಿದರೆ ಕೈಕಾಲಿನ ನರ ಜೋಮು ಹಿಡಿಯುತ್ತದೆ. ಮಳೆ ಚಳಿಗೆ ಕಿಟಕಿ ಮುಚ್ಚಿ ಕೂರುವ ನಮ್ಮ ಅಭ್ಯಾಸ ಇಲ್ಲಿ ನಡೆಯದು. ಹೊಗೆಗೂಡಿನ ಫ್ಯಾನ್ ತಿರುಗುತ್ತಿರಬೇಕು. ಬಳಸಿದ ದ್ರಾವಕವನ್ನು ಸಿಂಕಿಗೆ ಸುರಿದರೆ ಅದು ಚರಂಡಿ ಹಿಡಿದು ಹೊರಡುತ್ತದೆ, ತೀರ್ಥಹಳ್ಳಿಯಲ್ಲಾದರೆ ತುಂಗೆಗೆ. ಕ್ಲೋರಿನ್ ಇರುವ ದ್ರಾವಕಕ್ಕೆ ಒಂದು ಕ್ಯಾನ್, ಇಲ್ಲದ್ದಕ್ಕೆ ಇನ್ನೊಂದು, ಎರಡನ್ನೂ ಪರವಾನಗಿ ಇರುವ ವಿಲೇವಾರಿಯವರಿಗೆ ಕೊಡಬೇಕು. ಅಸಿಟೋನನ್ನೂ ಕ್ಲೋರೊಫಾರ್ಮನ್ನೂ ಒಂದೇ ಕ್ಯಾನಿಗೆ ಹಾಕಲೇಬೇಡಿ, ಒಂದಿಷ್ಟು ಕ್ಷಾರ ಬಿದ್ದರೆ ಭಯಂಕರವಾಗಿ ಕಾದು ಉಕ್ಕಬಹುದು.

ಕಡೆಗೆ ಉಳಿಯುವುದು ಎರಡೂವರೆ ಲೀಟರಿನ ಖಾಲಿ ಬಾಟಲಿ. ದಪ್ಪ ಕಂದು ಗಾಜು, ಬಿಗಿಯಾದ ಮುಚ್ಚಳ. ಮಲೆನಾಡಿನವರ ಕಣ್ಣಿಗೆ ಅದು ಜೇನುತುಪ್ಪಕ್ಕೋ ಜೋನಿಬೆಲ್ಲಕ್ಕೋ ಮಾಡಿಸಿಟ್ಟ ಹಾಗೆ ಕಾಣುತ್ತದೆ. ಅದರ ಮೇಲೆ ಆಸೆಪಟ್ಟು ಚೀಲಕ್ಕೆ ಇಳಿಸಿಕೊಂಡವರನ್ನು ನೋಡಿದ್ದೇನೆ. ಮೂರು ಸಲ ತೊಳೆದು, ತೊಳೆದ ನೀರನ್ನೂ ಕ್ಯಾನಿಗೆ ಸುರಿದು, ಲೇಬಲ್ ಕಿತ್ತು, ಗಾಜಿನ ಕಸಕ್ಕೆ ಕಳಿಸಿ. ಜೇನಿಗೆ ಬೇರೆ ಬಾಟಲಿ ಕೊಂಡರಾಯಿತು.